ಹೂವಿನ ಗಾಡಿ

ಹುಮನಾಬಾದ
14 ಆಗಸ್ಟ್ 2024

ಸುಜಾತಾ,

ಜೈಭೀಮ. ನಿನ್ನೆ ಸಂಜೆಯೇ ಮನೆ ಮುಟ್ಟಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ನನ್ನ ಊದಿದ ಕಣ್ಣು ನೋಡಿ ಪಕ್ಕದಲ್ಲಿ ಕೂತ ಹೆಂಗಸು, "ಯಾರ ತೀರ್ಕೊಂಡಾರ್ರಿ ಅಕ್ಕಾ?" ಎಂದು ಕೇಳಿದಳು. ಏನು ಹೇಳಲಿ? "ಚೀನಾದ ರಾಜಕುಮಾರಿ ತೀರ್ಕೊಂಡಾಳ್ರಿ" ಅಂದೆ. ಆಕೆ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ" ಅನ್ನುತ್ತೀ, ಇಟ್ಟ ಮೇಲೆ ಮರೆತುಬಿಡುತ್ತೀ. ಕೊಹಿನೂರಿನ ಸಾಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಲಿತವಳು ನಾನು, ನಿನ್ನ ಗುಣ ನನಗೆ ಗೊತ್ತು. ನನ್ನ ಮದುವೆಯಾದಾಗಿನಿಂದ ಮುಖ್ಯವಾದದ್ದನ್ನೆಲ್ಲ ನಾವು ಕಾಗದದಲ್ಲೇ ಬರೆದುಕೊಂಡಿದ್ದೇವೆ. ಇದೂ ಮುಖ್ಯವಾದದ್ದು.

ನಿನ್ನ ಆ ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ಹೊಡೆದು, ಫ್ಯಾನು ನಿಲ್ಲಿಸಿ, ನನ್ನನ್ನು ಬೆವರಿಳಿಸಿ ಕೂರಿಸಿದೆ. ಎದುರಿಗೆ ಟಿವಿಯಲ್ಲಿ ನಿನ್ನ ಚೀನಾ ಸಿನೆಮಾದ ರಾಣಿ. ಸಾವಿರ ವರ್ಷದವಳಂತೆ, ಮುಖದ ಮೇಲೆ ಒಂದು ಗೆರೆ ಇಲ್ಲ. ಮೋಡದ ಮೇಲೆ ನಡೆಯುತ್ತಾಳೆ, ಸೀರೆಯ ಸೆರಗಿನಂಥ ತೋಳು ಬೀಸಿದರೆ ಗುಡ್ಡ ಸೀಳುತ್ತದೆ. ಕುಲದ ಹಿರಿಯರು ಅವಳ ಮಗಳನ್ನು ಹೂವಿನ ರಥದಲ್ಲಿ ಕೂರಿಸಿ ಡ್ರ್ಯಾಗನ್ನಿಗೆ ಬಲಿ ಕೊಡುತ್ತಾರೆ, ಅವಳು ಅಳುತ್ತಾಳೆ. ಆ ಅಳು ನಾನು ಕನ್ನಡದಲ್ಲಿ ಅಳಬೇಕು. ನೀನು ಬರೆದುಕೊಟ್ಟ ಹಾಳೆಯಲ್ಲಿ "ಅಯ್ಯೋ ಮಗಳೇ, ಅಯ್ಯೋ ವಿಧಿಯೇ" ಇತ್ತು. ಎಷ್ಟು ಸಲ ಓದಿದರೂ ಆಗಲಿಲ್ಲ. ಕಿವಿಗೆ ಡಬ್ಬಿ ಹಾಕಿಕೊಂಡು ರೆಕಾರ್ಡಿಂಗ್ ಮಾಡುತ್ತಿದ್ದ ನಿನ್ನ ಸಮ್ರೀನ, "ಬಾಜಿ, ಅಂಗನವಾಡಿ ಮಕ್ಕಳಿಗಿ ಪದ್ಯ ಹೇಳಿಕೊಟ್ಟಂಗ ಆಗ್ತದ" ಎಂದು ನಕ್ಕಳು. ಖರೇ ಹೇಳಿದಳು, ಅದು ನನ್ನ ನೌಕರಿ.

ಆಮೇಲೆ ನೀನು, "ಕಾಗದ ಕೆಳಗಿಡು. ನಿಮ್ಮ ಆಯಿ ಅಳ್ತಿದ್ಳಲ್ಲ, ಹಂಗ ಹಾಡ್ಯಾಡಿ ಅಳು" ಎಂದೆ. ಕಣ್ಣು ಮುಚ್ಚಿದೆ. ರಾಣಿಯ ಮಗಳು ಕಣ್ಣ ಮುಂದೆ ಬರಲಿಲ್ಲ. ನನ್ನ ಮಗಳು ಯಶೋಧರಾ ಬಂದಳು. ಅಂದು ಮಂಠಾಳದ ಗಂಡನ ಮನೆಯಲ್ಲಿ ಅವಳ ಹೆಣದ ಮುಂದೆ ಕೂತು ಅತ್ತದ್ದೆಲ್ಲ ಮಾತು ಮಾತಾಗಿ ಬಂತು. ಅವಳ ಮೈದುನನ ಮದುವೆಗೆ ಸಿಂಗರಿಸಿದ ಕಾರು ಬಾಗಿಲಲ್ಲಿ ನಿಂತಿತ್ತು. ಒಳಗೆ ಎರಡನೇ ಸಲದ ಬಸುರಿ ರಕ್ತ ನಿಲ್ಲದೆ ಮಲಗಿದ್ದಳು. ಮೆರವಣಿಗೆ ಮುಗಿಯಲಿ, ಹೂ ಕಿತ್ತುಹೋಗುತ್ತವೆ ಎಂದು ಆಸ್ಪತ್ರೆಗೆ ಒಯ್ಯಲು ಕೀಲಿ ಕೊಡಲಿಲ್ಲ. ಅದನ್ನೇ ಅಂದು ಅತ್ತೆ. ಮೊನ್ನೆಯೂ ಅದನ್ನೇ ಅತ್ತೆ.

ನಿನಗೆ ಹೇಳಿಕೊಡಬೇಕೇನು? ಹೆಣದ ಮುಂದೆ ಹಾಡ್ಯಾಡಿ ಅತ್ತ ಮಾತಿಗೆ ನಮ್ಮಲ್ಲಿ ಯಾರೂ ಜವಾಬು ಕೇಳುವುದಿಲ್ಲ. ಅತ್ತೆ, ಗಂಡ, ಸರ್ಕಾರ, ಯಾರ ಮೇಲಾದರೂ ಹೇಳಬಹುದು. ಕೇಳುವವರು ತಲೆ ತಗ್ಗಿಸಿ ಕೇಳಬೇಕು. ಮಣ್ಣು ಮಾಡಿ ಬಂದ ಮೇಲೆ ಆ ಮಾತು ಎತ್ತಬಾರದು. ನನ್ನ ಬೀಗತಿ ಗಂಗುಬಾಯಿ ಅಂದು ಎದುರಿಗೇ ಕೂತು ಎಲ್ಲ ಕೇಳಿದಳು. ಸಂಜೆ ಅದೇ ಗಂಗುಬಾಯಿ ನನ್ನ ಮುಂದೆ ತಾಟು ತಂದಿಟ್ಟು, "ಒಂದ ತುತ್ತ ಉಣ್ಣು ಅಕ್ಕಾ" ಎಂದಳು. ಉಂಡೆ. ಹಾಗೆ ಉಂಡದ್ದರಿಂದಲೇ ಇವತ್ತಿಗೂ ತಿಂಗಳಿಗೊಮ್ಮೆ ನನ್ನ ಮೊಮ್ಮಗಳು ಆಮ್ರಪಾಲಿ ಮಂಠಾಳದಿಂದ ನನ್ನ ಮನೆಗೆ ಬಂದು ಎರಡು ದಿನ ಇರುತ್ತಾಳೆ. ಯಶೂನ ಮೂಗು, ಯಶೂನ ಹಟ. ನನಗೆ ಉಳಿದದ್ದು ಅದೊಂದೇ.

ಅದಕ್ಕೇ ಬರೆಯುತ್ತಿದ್ದೇನೆ. ಅಳು ಇಟ್ಟುಕೋ. ಯಶೂನ ಹೆಸರು ತೆಗೆ. ಹೂವಿನ ಗಾಡಿ, ಕೀಲಿ, ಆ ಮಾತೆಲ್ಲ ತೆಗೆ. ಕಾಗದ ಮುಟ್ಟಿದ್ದಕ್ಕೆ ಉತ್ತರ ಬರೆ.

ನಿನ್ನ
ದ್ರೌಪತಿ


ಬಸವಕಲ್ಯಾಣ
3 ಸೆಪ್ಟೆಂಬರ್ 2024

ದ್ರೌಪತಿ,

ಯಶೂನ ಹೆಸರು ತೆಗೆದಿದ್ದೇವೆ. ಸಮ್ರೀನ ಒಂದು ದಿನ ಪೂರ್ತಿ ಕೂತು ಉಸಿರಿನ ಸಪ್ಪಳ ಸಹಿತ ಒರೆಸಿದ್ದಾಳೆ. ಈಗ ಎಲ್ಲ ಕಡೆ "ನನ ಮಗಳ" ಅಂತಷ್ಟೇ ಕೇಳುತ್ತದೆ. ನೀನು ನಿಶ್ಚಿಂತಿಯಿಂದ ಇರು.

ಈ ಸಿನೆಮಾದ ಹುಚ್ಚು ನನಗೆ ಯಾಕೆ ಹಿಡಿಯಿತು ಎಂದು ನೀನು ಅವತ್ತು ಕೇಳಿದೆ. ಹಾಡ್ಯಾಡುವ ಗದ್ದಲದಲ್ಲಿ ಉತ್ತರ ಕೊಡಲಿಲ್ಲ. ಹೊರಗಿನ ಸಿನೆಮಾಗಳಿಗೆ ಬೆಂಗಳೂರಿನವರು ಕನ್ನಡ ಮಾತು ಹಾಕುತ್ತಾರಲ್ಲ, ಅದರಲ್ಲಿ ನಮ್ಮ ಕಡೆಯ ಮಾತು ಯಾರ ಬಾಯಲ್ಲಿ ಬರುತ್ತದೆ ನೋಡಿದ್ದೀಯಾ? ಕುಡುಕ, ಕಾವಲುಗಾರ, ಏಟು ತಿನ್ನುವ ಪೆದ್ದ. ರಾಜ, ರಾಣಿ, ಗುರು ಬಾಯಿ ತೆರೆದರೆ ಪಾಠದ ಪುಸ್ತಕ. ಇಪ್ಪತ್ತು ವರ್ಷ ಮಕ್ಕಳಿಗೆ ಆ ಪುಸ್ತಕವನ್ನೇ ಓದಿಸಿದೆ. ನಮ್ಮ ಮಾತಿನಲ್ಲಿ ಒಬ್ಬ ರಾಣಿ ಆಜ್ಞೆ ಕೊಡಬೇಕು, ಸಿಟ್ಟಾಗಬೇಕು, ಅಳಬೇಕು, ಕೇಳಿದವರು ನಗದೆ ಕೂರಬೇಕು. ಇಷ್ಟೇ ನನ್ನ ಆಸೆ. "ಎಂಟು ಮೋಡಗಳ ಕತ್ತಿ" ಚೀನಾದಲ್ಲಿ ಬಹಳ ಓಡಿದ ಚಿತ್ರವೇನಲ್ಲ. ಹೈದರಾಬಾದಿನ ಏಜೆಂಟ್ ಮೂಲೆಗೆ ಬಿಸಾಡಿದ್ದ. ಆದರೆ ಅದರ ರಾಣಿಯನ್ನು ನೋಡಿದ ಕೂಡಲೆ ನಮ್ಮ ಕೊಹಿನೂರಿನ ಹೆಂಗಸರು ನೆನಪಾದರು. ಬಾವಿ ಕಟ್ಟೆಯ ಮೇಲೆ ಜಗಳಕ್ಕೆ ನಿಂತರೆ ಅವರೂ ಹಾಗೆಯೇ ಸೆರಗು ಬೀಸುತ್ತಿದ್ದರು.

ಅವ್ವನಿಗೆ ನಿನ್ನ ಅಳು ಕೇಳಿಸಿದೆ. ಆಮೇಲೆ, "ನಾ ಸತ್ತಾಗ ದ್ರೌಪತಿನ ಬಂದು ಅಳಬೇಕು ನೋಡು. ನಿನಗ ಅಳಾಕ ಬರಂಗಿಲ್ಲ, ನೀ ಬರೇ ಮೂಗ ಒರಸ್ಕೋತಿ" ಅಂದಳು. ಎಂಬತ್ತು ದಾಟಿದರೂ ಚಂದಮ್ಮನ ನಾಲಗೆ ಮೊಂಡಾಗಿಲ್ಲ.

ಆಮ್ರಪಾಲಿಗೆ ಮುತ್ತು.

ನಿನ್ನ
ಸುಜಾತಾ


ಬಸವಕಲ್ಯಾಣ
11 ನವೆಂಬರ್ 2024

ದ್ರೌಪತಿ,

ನೀನು ಬರಲಿಲ್ಲ. ಆಮ್ರಪಾಲಿ ಬಂದಿದ್ದಾಳೆ ಎಂದು ತಿಳಿಯಿತು, ಸಿಟ್ಟಿಲ್ಲ. ಆದರೆ ನೀನು ಇರಬೇಕಿತ್ತು.

ಮದುವೆಯ ಹಾಲ್ ಒಂದನ್ನು ಹಿಡಿದು ಬಿಳಿ ಪರದೆ ಕಟ್ಟಿದ್ದೆವು. ಮಂದಿ ಬಂದರು, ಕುರ್ಚಿ ಸಾಲದೆ ಗೋಡೆಗೆ ಆತು ನಿಂತರು. ಹುಲಸೂರಿನಿಂದ ಒಂದು ಟೆಂಪೋ ತುಂಬ ಬಂದಿದ್ದರು. ಚಿತ್ರ ಶುರುವಾಯಿತು. ಬಿಳಿ ಗಡ್ಡದ ಗುರು ಗಾಳಿಯಲ್ಲಿ ತೇಲಿ ಬಂದು, "ಕತ್ತಿ ಕೆಳಗ ಇಡು ತಮ್ಮಾ, ಜೀವ ದೊಡ್ಡದದ" ಎಂದ. ಹಾಲಿಗೆ ಹಾಲೇ ನಕ್ಕಿತು. ಕತ್ತಿ ಹಿಡಿದ ಹುಡುಗ, "ನಿಮ್ಮ ಮ್ಯಾಲ ಭರೋಸಾ ಇಟ್ಟೇನ್ರಿ ಗುರುಗಳೇ" ಎಂದ. ಮತ್ತೆ ನಗು. ಮೊದಮೊದಲು ಖುಷಿಗೆ ನಗುತ್ತಾರೆ ಎಂದುಕೊಂಡೆ. ಅಲ್ಲ. ಬೆಂಗಳೂರಿನವರು ನಕ್ಕರೆ ಉತ್ತರ ಕೊಡುತ್ತಿದ್ದೆ. ಇವರು ನಮ್ಮವರು. ಮನೆಯಲ್ಲಿ ಇದೇ ಮಾತಾಡುವವರು. ರಾಣಿ ಸಿಂಹಾಸನದಿಂದ ಎದ್ದು "ಯಾಂವ ಅಂವಾ?" ಎಂದು ಗುಡುಗಿದಾಗ ನನ್ನ ಹಿಂದೆ ಕೂತ ಮೇಷ್ಟ್ರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಜೊತೆ ಹತ್ತು ವರ್ಷ ಕೆಲಸ ಮಾಡಿದವರು.

ಆಮೇಲೆ ನಿನ್ನ ಅಳು ಬಂತು. ಶುರುವಿಗೆ ಯಾರೋ ಕಿಸಕ್ ಎಂದರು. ಹೆಂಗಸರ ಸಾಲಿನಿಂದ "ಸುಮ್ಕ ಕುಂದರ್ರಿ" ಎಂದು ಒಬ್ಬಳು ಗದರಿದಳು. ಅಷ್ಟೇ. ಮುಂದೆ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಸಮ್ರೀನ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಬದುಕಿದೆ ಅನ್ನಿಸಿತು.

ಈಗ ಹೇಳುತ್ತೇನೆ, ಬೈಯಬೇಡ. ಹೂವಿನ ಗಾಡಿಯ ನಾಲ್ಕು ಸಾಲು ಉಳಿಸಿಕೊಂಡಿದ್ದೇನೆ. ತೆಗೆದು ನೋಡಿದೆವು ದ್ರೌಪತಿ, ತೆಗೆದರೆ ಬರೀ ಗೋಳು ಉಳಿಯುತ್ತದೆ, ಯಾರ ಗೋಳೂ ಅಲ್ಲದ ಗೋಳು. ಸಿನೆಮಾದಲ್ಲೂ ಹೂವಿನ ರಥವೇ ಇದೆ, ಯಾರಿಗೂ ಗೊತ್ತಾಗುವುದಿಲ್ಲ. ನಿನ್ನೆ ನಮ್ಮ ಯೂಟ್ಯೂಬ್ ಚಾನೆಲ್ಲಿಗೂ ಹಾಕಿದೆವು.

ಸುಜಾತಾ


ಹುಮನಾಬಾದ
16 ನವೆಂಬರ್ 2024

ಸುಜಾತಾ,

ನಾನು ತೆಗೆ ಎಂದದ್ದೂ ಅವೇ ನಾಲ್ಕು ಸಾಲು. "ನಿಶ್ಚಿಂತಿಯಿಂದ ಇರು" ಎಂದು ಬರೆದ ದಿನವೇ ನಿನಗೆ ಅವು ಬೇಕಾಗಿದ್ದವು. ಅದಕ್ಕೇ ಹೆಸರಿನ ಮಾತು ಬರೆದು ಗಾಡಿಯ ಮಾತು ನುಂಗಿದೆ.

ಮಂಠಾಳದವರಿಗೆ ಕಿವಿ ಇಲ್ಲವೇನು?

ತೆಗೆ. ಈ ಕಾಗದ ಓದಿ ಮುಗಿಸುವ ಮೊದಲು ತೆಗೆ.

ದ್ರೌಪತಿ


ಹುಮನಾಬಾದ
6 ಜನವರಿ 2025

ಸುಜಾತಾ,

ನೀನು ಉತ್ತರ ಬರೆಯಲಿಲ್ಲ. ಚಾನೆಲ್ಲಿನಲ್ಲಿ ಅದು ಹಾಗೆಯೇ ಇದೆ. ಲಕ್ಷಗಟ್ಟಲೆ ಮಂದಿ ನೋಡಿದ್ದಾರಂತೆ, ನಮ್ಮ ಸೂಪರ್‌ವೈಸರ್ ಮೇಡಂ ಹೇಳಿದರು. ಅವರಿಗೆ ಅದು ನನ್ನ ಧ್ವನಿ ಎಂದು ಗೊತ್ತಿಲ್ಲ. ಗೊತ್ತಿಲ್ಲದೆ ನನ್ನೆದುರೇ ಅಣಕಿಸಿ ತೋರಿಸಿದರು.

ಹೋದ ವಾರ ನಮ್ಮ ಓಣಿಯಲ್ಲಿ ಮದುವೆ ಇತ್ತು. ಮದುಮಗನ ಕಾರು ಚೆಂಡುಹೂವಿನಿಂದ ಸಿಂಗರಿಸಿ ನಿಲ್ಲಿಸಿದ್ದರು. ಅವನ ಗೆಳೆಯರು ಕಾರಿನ ಮುಂದೆ ಸಾಲಾಗಿ ಕೂತು, ತಲೆ ಮೇಲೆ ಟವೆಲ್ ಹೊದ್ದು, ಎದೆ ಬಡಿದುಕೊಂಡು ರೀಲ್ಸ್ ಮಾಡುತ್ತಿದ್ದರು. ಸ್ಪೀಕರ್ ಡಬ್ಬಿಯಿಂದ ನನ್ನ ಧ್ವನಿ ಬರುತ್ತಿತ್ತು.

"ಹೂವಿನ ಗಾಡಿ ಹೊರಗ ನಿಂತಿತ್ತಲ್ಲ ನನ ಮಗಳ,
ಹೂವ ಕಿತ್ತಾವಂತ ಕೀಲಿ ಕೊಡಲಿಲ್ಲಲ್ಲ ನನ ಮಗಳ,
ಹೂವ ಹಂಗ ಉಳದಾವ, ನೀ ಉದುರಿದೆಲ್ಲ ನನ ಮಗಳ,
ಯಾವ ಗಾಡಿ ಹತ್ತಿ ಬರಲಿ ನಿನ ಹಿಂದ..."

ಕೀಲಿ ಕೊಡಲಿಲ್ಲ ಎಂಬಲ್ಲಿಗೆ ಒಬ್ಬ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿ ತೋರಿಸುತ್ತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಈ ಹಂಗಾಮಿನಲ್ಲಿ ಹುಮನಾಬಾದದಿಂದ ಕಲ್ಯಾಣದವರೆಗೆ ಮದುವೆಯ ಕಾರು ನಿಂತಲ್ಲೆಲ್ಲ ಇದೇ ಆಟವಂತೆ. ನಾನು ಅಕ್ಕಿಕಾಳು ಹಾಕದೆ ಮನೆಗೆ ಬಂದೆ.

ಮರುದಿನ ಗಂಗುಬಾಯಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕೂತಳು. ನೀರು ಕೊಟ್ಟೆ, ಮುಟ್ಟಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಆಕೆ ಮೆಲ್ಲಗೆ ಹೇಳಿದಳು: "ಅಕ್ಕಾ, ಅವತ್ತ ನೀ ಅತ್ತಿದ್ದು ಎದುರಿಗಿ ಕುಂತು ಕೇಳೀನಿ. ತಿರುಗಿ ಒಂದ ಮಾತ ಅಂದೀನೇನು? ಹೆಣದ ಮುಂದ ಅಂದಿದ್ದು ಹೆಣದ ಜೋಡಿ ಹೋತು ಅಂತ ತಿಳ್ಕೊಂಡೆ. ಈಗ ಹೆಣ ಎಲ್ಲಿತ್ತು ಅಕ್ಕಾ? ಯಾರ ಹೆಣದ ಮುಂದ ಕುಂತು ಅತ್ತಿ? ನಮ್ಮ ಓಣ್ಯಾಗ ಹುಡುಗರು ನನ್ನ ನೋಡಿ ಕೀಲಿ ತಿರಗಸಾಕತ್ತಾರ."

ಕೀಲಿ ಕೊಡದವಳು ಆಕೆ. ಆದರೂ ಆಕೆ ಕೇಳಿದ್ದು ನ್ಯಾಯ. ಅವಳ ತಪ್ಪಿಗೆ ನಾನು ಹೆಣದ ಮುಂದೆ ಶಿಕ್ಷೆ ಕೊಟ್ಟು ಮುಗಿಸಿದ್ದೆ, ಅವಳು ತಲೆ ತಗ್ಗಿಸಿ ತೆಗೆದುಕೊಂಡಿದ್ದಳು. ಮತ್ತೊಮ್ಮೆ ಕೊಡುವ ಹಕ್ಕು ನನಗಿರಲಿಲ್ಲ.

ಏಳುವಾಗ, "ಪಾಲಿಗಿ ಇನ್ನ ಕಳಸಂಗಿಲ್ಲ. ಸಮ್ಯಕ ಹೇಳ್ಯಾನ" ಎಂದಳು. ಸಮ್ಯಕ, ನನ್ನ ಅಳಿಯ, ಒಂದು ಫೋನೂ ಮಾಡಲಿಲ್ಲ.

ಈ ಸಲ ಆಮ್ರಪಾಲಿ ಬರಲಿಲ್ಲ. ಅವಳಿಗೆಂದು ತೆಗೆದಿಟ್ಟ ಶೇಂಗಾ ಉಂಡಿ ಡಬ್ಬಿಯಲ್ಲೇ ಇವೆ. ನಿನ್ನ ರಾಣಿ ಈಗ ಏನು ಮಾಡುತ್ತಿದ್ದಾಳೆ?

ದ್ರೌಪತಿ


ಬಸವಕಲ್ಯಾಣ
15 ಜನವರಿ 2025

ದ್ರೌಪತಿ,

ತೆಗೆದಿದ್ದೇನೆ. ಚಾನೆಲ್ಲಿನಿಂದ ಇಡೀ ಚಿತ್ರವನ್ನೇ ಇಳಿಸಿದೆ. ಇಳಿಸಿದ ಸಂಜೆಯೇ ಬೇರೆ ಯಾರೋ ಹಾಕಿದರು. ಅವರಿಗೆ ಬರೆದೆ. ಮತ್ತೊಬ್ಬರು ಹಾಕಿದರು. ನಿನ್ನ ಅಳುವಿನ ತುಣುಕಿಗೆ ಡೋಲಿನ ಸಪ್ಪಳ ಸೇರಿಸಿ ಬ್ಯಾಂಡಿನವರೂ ಬಾರಿಸುತ್ತಿದ್ದಾರೆ. ಇನ್ನು ಅದು ನನ್ನ ಕೈಯಲ್ಲಿಲ್ಲ.

ಮೊದಲು ಯಾಕೆ ತೆಗೆಯಲಿಲ್ಲ ಎಂದು ಕೇಳುತ್ತೀ. ಅದೊಂದಕ್ಕೆ ಮಂದಿ ನಗಲಿಲ್ಲ, ಅದಕ್ಕೆ. ಇಡೀ ಚಿತ್ರದಲ್ಲಿ ಅದೊಂದಕ್ಕೇ. ಅದನ್ನು ಕಿತ್ತುಕೊಟ್ಟು ನಾನು ಏನು ಹಿಡಿದುಕೊಂಡು ಕೂರಲಿ ಅನ್ನಿಸಿತು. ಈಗ ಅದಕ್ಕೂ ನಗುತ್ತಿದ್ದಾರೆ. ನಿನ್ನೊಬ್ಬಳ ಬಾಯಿಗೇ ಮಣ್ಣು ಬಿದ್ದಿಲ್ಲ.

ಇನ್ನೊಂದು ಹೇಳುತ್ತೇನೆ, ಸಿಟ್ಟಾಗುವುದಿದ್ದರೆ ಆಗು. ಕೀಲಿ ಕೊಡದವರು ಅವರು. ಇಜ್ಜತ್ ಹೋಯಿತೆಂದು ಕೂಸನ್ನು ತಡೆದವರೂ ಅವರೇ. ನೀನು ಅವರ ಮುಂದೆ ತಲೆ ತಗ್ಗಿಸಿ ನನ್ನ ಮುಂದೆ ಕಣ್ಣು ಕೆಂಪು ಮಾಡುತ್ತೀ. ಮೂರು ವರ್ಷ ಅವರ ತಾಟಿನಲ್ಲಿ ಉಂಡು ಸುಮ್ಮನಿದ್ದವಳು ನೀನು. ಪೊಲೀಸರಿಗೆ ಹೇಳು ಎಂದು ಅಂದೇ ಬೇಡಿಕೊಂಡೆ, ಕೇಳಲಿಲ್ಲ. ಖರೇ ಮಾತು ಒಂದೇ ಸಲ ಆಡಬೇಕು, ಅದೂ ಹೆಣದ ಕಿವಿಯಲ್ಲಿ ಎಂಬ ಪದ್ಧತಿ ಯಾರಿಗೆ ಅನುಕೂಲ? ಅಳುವವರಿಗಂತೂ ಅಲ್ಲ.

ಬೆಂಗಳೂರಿನ ಒಂದು ಕಂಪನಿಯವರು ಫೋನ್ ಮಾಡಿದ್ದರು. ನಮ್ಮ ಕೆಲಸ ಬಹಳ ಮೆಚ್ಚಿದ್ದಾರಂತೆ. ಇನ್ನೂ ಐದು ಚೀನಾ ಚಿತ್ರ ಕೊಡುತ್ತಾರಂತೆ, "ಫುಲ್ ಕಾಮಿಡಿ ಮಾಡಿಕೊಡಿ ಮೇಡಂ" ಅಂದರು. ಸಮ್ರೀನಳ ಮುಖ ನೋಡಿದೆ. ಒಪ್ಪಿಕೊಂಡಿದ್ದೇನೆ.

ಸುಜಾತಾ


ಹುಮನಾಬಾದ
9 ಫೆಬ್ರುವರಿ 2025

ಸುಜಾತಾ,

ನೀನು ಬರೆದದ್ದಕ್ಕೆ ಉತ್ತರ ಕೊಡಲು ನನಗೆ ಶಕ್ತಿಯಿಲ್ಲ. ಕೆಲವು ಖರೇ ಇದೆ. ಆದರೆ ಪೊಲೀಸರಿಗೆ ಹೇಳಿದ್ದರೆ ಮೊಮ್ಮಗಳ ಮುಖ ನೋಡುವ ಬಾಗಿಲು ಅಂದೇ ಮುಚ್ಚಿಹೋಗುತ್ತಿತ್ತು. ನಿನ್ನ ರಾಣಿಗೆ ಕೊನೆಗೆ ಕತ್ತಿ ಇತ್ತು, ಹಿರಿಯರನ್ನೆಲ್ಲ ಕಡಿದು ಹಾಕಿದಳು. ಕಡಿದ ಮೇಲೆ ಅವಳಿಗೆ ಯಾವ ಮನೆಯ ಬಾಗಿಲಿಗೂ ಹೋಗಿ "ಕೂಸಿಗೆ ಕಳಸ್ರಿ" ಎಂದು ನಿಲ್ಲಬೇಕಾಗಿರಲಿಲ್ಲ.

ನಾನು ನಿಂತೆ. ಮಂಠಾಳಕ್ಕೆ ಹೋಗಿದ್ದೆ. ಆಮ್ರಪಾಲಿ ಒಳಗಿನಿಂದ "ಆಯೀ" ಎಂದು ಓಡಿ ಬಂದಳು, ಸಮ್ಯಕ ತೋಳು ಹಿಡಿದು ನಿಲ್ಲಿಸಿದ. ಅವನು ಕೆಟ್ಟವನಲ್ಲ, ಯಶೂ ಸತ್ತ ಮೇಲೆ ಮತ್ತೆ ಮದುವೆ ಬೇಡ ಎಂದವನು. ಆದರೆ ಅವ್ವನ ಮೇಲೆ ಊರು ನಗುವುದನ್ನು ನೋಡಿ ಕಲ್ಲಾಗಿದ್ದಾನೆ. "ಅತ್ತೀ, ಯಾವ ಚಾನೆಲ್ಲಿನಾಗ ಅತ್ತೀರಿ, ಅದೇ ಚಾನೆಲ್ಲಿನಾಗ ನೀವ ಹೇಳ್ಬೇಕು. ಅದು ಸಿನೆಮಾದ ಮಾತು, ಖೊಟ್ಟಿ ಮಾತು, ನಮ್ಮ ಬೀಗರ ಮನ್ಯಾಗ ಹಂಗ ಏನೂ ಆಗಿಲ್ಲ ಅಂತ ಹೇಳ್ರಿ. ಮರುದಿನಾನೇ ಪಾಲಿಗಿ ಕಳಸ್ತೀನಿ" ಎಂದ.

ಹೇಳುತ್ತೇನೆ ಎಂದು ಬಂದಿದ್ದೇನೆ.

ನೀನು ಬರುವುದಾದರೆ ಬಾ, ಇಲ್ಲವಾದರೆ ಸಮ್ರೀನಳನ್ನು ಕಳಿಸು. ನಿನ್ನ ಸಿನೆಮಾಕ್ಕೆ ಒಂದು ಸಲ ಖರೇ ಅತ್ತಿದ್ದೇನೆ. ಈಗ ಒಂದು ಸಲ ಖೊಟ್ಟಿ ಮಾತಾಡುತ್ತೇನೆ. ಲೆಕ್ಕ ಸರಿಯಾಯಿತು.

ದ್ರೌಪತಿ


ಬಸವಕಲ್ಯಾಣ
13 ಫೆಬ್ರುವರಿ 2025

ದ್ರೌಪತಿ,

ಬೇಡ. ಕಾಲು ಹಿಡಿಯುತ್ತೇನೆ, ಅದೊಂದು ಮಾಡಬೇಡ. ನಾನು ಮಾಡಿದ್ದು ತಪ್ಪು, ಅದು ನನ್ನ ಮೇಲಿರಲಿ. ಯಶೂ ಸತ್ತದ್ದು ಹೇಗೆ ಎಂದು ಹೇಳಿದ ಬಾಯಿ ಈ ಭೂಮಿಯ ಮೇಲೆ ಒಂದೇ ಇದೆ. ಅದೇ ಬಾಯಿ ಸುಳ್ಳು ಎಂದರೆ ಆ ಹುಡುಗಿ ಎರಡನೇ ಸಲ ಸಾಯುತ್ತಾಳೆ. ನಾಳೆ ಆಮ್ರಪಾಲಿ ದೊಡ್ಡವಳಾಗಿ ಕೇಳಿದರೆ ಏನು ತೋರಿಸುತ್ತೀ?

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಗೊತ್ತು.

ಸೋಮವಾರ ಸಮ್ರೀನ ಬರುತ್ತಾಳೆ. ನಾನು ಬರುವುದಿಲ್ಲ. ನಿನ್ನ ಮುಂದೆ ಒಂದು ಸಲ ಮೈಕು ಹಿಡಿದದ್ದು ಸಾಕು, ಕ್ಯಾಮೆರಾ ಹಿಡಿಯುವುದು ನನ್ನಿಂದ ಆಗುವುದಿಲ್ಲ.

ಸುಜಾತಾ


ಕೊಹಿನೂರ
22 ಏಪ್ರಿಲ್ 2025

ದ್ರೌಪತಿ,

ಅವ್ವನನ್ನು ಮಣ್ಣು ಮಾಡಿ ಇವತ್ತಿಗೆ ಐದು ದಿನ. ಅವಳ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನೀನು ಬಂದೆ. ಫೆಬ್ರುವರಿಯ ನಂತರ ಒಂದು ಮಾತಿಲ್ಲ, ಕಾಗದವಿಲ್ಲ, ಆದರೂ ಸುದ್ದಿ ಕೇಳಿ ಮೊದಲ ಬಸ್ಸಿಗೆ ಬಂದೆ. ನಿನ್ನನ್ನು ಬಾಗಿಲಲ್ಲಿ ಕಂಡಾಗ ನನಗೆ ಬಂದ ಧೈರ್ಯ ನಿನಗೆ ಗೊತ್ತಿಲ್ಲ. ಹೆಂಗಸರೆಲ್ಲ ಸರಿದು ನಿನಗೆ ಅವ್ವನ ತಲೆದೆಸೆಯಲ್ಲಿ ಜಾಗ ಮಾಡಿಕೊಟ್ಟರು. ನೀನು ಕೂತೆ, ಅವ್ವನ ಗಲ್ಲ ಸವರಿದೆ. ಎಲ್ಲರೂ ಕಾದರು. ನಾನು ಕಾದೆ. ಯಾರೋ "ಅಳು ದ್ರೌಪತಿ, ಮುದುಕಿ ದಾರಿ ನೋಡ್ಯಾಳ" ಎಂದೂ ಅಂದರು. ನೀನು ಬಾಯಿ ತೆರೆಯಲಿಲ್ಲ. ಹೆಣ ಎತ್ತುವವರೆಗೂ ಒಂದು ಸೊಲ್ಲು ಇಲ್ಲ.

ಅವ್ವ ಹೇಳಿದ ಹಾಗೆಯೇ ಆಯಿತು. ನನಗೆ ಅಳಲು ಬರಲಿಲ್ಲ, ಬರೀ ಮೂಗು ಒರೆಸಿಕೊಂಡೆ. ಕೊಹಿನೂರಿನಲ್ಲಿ ಅರ್ಧ ಊರನ್ನು ಹಾಡ್ಯಾಡಿ ಅತ್ತು ಕಳಿಸಿದ ಚಂದಮ್ಮ, ಕಸದ ಬುಟ್ಟಿಯಂತೆ ಸುಮ್ಮನೆ ಹೊರಗೆ ಹೋದಳು.

ನನ್ನ ಮೇಲೆ ಹಗೆ ಸಾಧಿಸಬೇಕಿತ್ತು, ಸಾಧಿಸು. ಅವಳು ನಿನಗೆ ಏನು ಮಾಡಿದ್ದಳು? ನಿನ್ನ ಬಾಣಂತನ ಮಾಡಿದವಳು. ಯಶೂನನ್ನು ಮೊದಲ ಸಲ ಎತ್ತಿಕೊಂಡವಳು. ಇದೊಂದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಸುಜಾತಾ


ಹುಮನಾಬಾದ
18 ಮೇ 2025

ಸುಜಾತಾ,

ಹಗೆಯಲ್ಲ. ಬಸ್ಸಿನಲ್ಲಿ ಬರುವಾಗಲೇ ಚಂದಮ್ಮ ಕಾಕಿಯ ಮೇಲೆ ಏನೇನು ಅಳಬೇಕು ಎಂದು ಎಲ್ಲ ಒಟ್ಟು ಮಾಡಿಕೊಂಡು ಬಂದಿದ್ದೆ. ನಿಮ್ಮ ಬಾವಿಯ ನೀರು, ನಮಗಿಬ್ಬರಿಗೂ ಒಂದೇ ಹಣಿಗೆಯಲ್ಲಿ ತಲೆ ಬಾಚುತ್ತಿದ್ದದ್ದು, ನನ್ನ ಬಾಣಂತನ, ನಿನ್ನನ್ನು ಓದಿಸಲು ಅವಳು ಕಂಡವರ ಹೊಲದಲ್ಲಿ ಬಗ್ಗಿದ್ದು. ಗಂಟಲವರೆಗೆ ಬಂದಿತ್ತು.

ಕಾಕಿಯ ಗಲ್ಲ ಮುಟ್ಟಿದೆ. ತಣ್ಣಗಿತ್ತು. ಸಮ್ರೀನ ಕ್ಯಾಮೆರಾ ಹಿಡಿದಾಗ ನಾನು ಆಡಿದ ಮಾತು ಆಗ ನೆನಪಾಯಿತು. "ನಾ ಅತ್ತಿದ್ದು ಖೊಟ್ಟಿ ಅದ. ನನ್ನ ಮಗಳು ಆಕಿ ಹಣೇಬಾರಕ್ಕ ಸತ್ತಾಳ." ಎದುರಿಗೆ ಗಂಗುಬಾಯಿ, ಸಮ್ಯಕ ಕೂತಿದ್ದರು. ತಡವರಿಸಲಿಲ್ಲ, ಮಕ್ಕಳಿಗೆ ಪದ್ಯ ಹೇಳಿಕೊಟ್ಟ ಹಾಗೆ ಹೇಳಿದೆ. ಆ ಹುಡುಗಿ ಸಮ್ರೀನ ಕ್ಯಾಮೆರಾ ಹಿಂದೆ ಅಳುತ್ತಿದ್ದಳು, ನಾನು ಅಳಲಿಲ್ಲ.

ಹೆಣದ ಮುಂದೆ ಕೂತವಳ ಬಾಯಿ ಖರೇ ಇರಬೇಕು ಸುಜಾತಾ. ಅದಕ್ಕೇ ಅಲ್ಲವೇ ಆ ಮಾತಿಗೆ ಯಾರೂ ಎದುರಾಡುವುದಿಲ್ಲ. ನಾನು ಖೊಟ್ಟಿ ಎಂದು ಊರಿಗೆಲ್ಲ ಹೇಳಿದವಳು. ಅದೇ ಬಾಯಿಂದ ಚಂದಮ್ಮ ಕಾಕಿ ಒಳ್ಳೆಯವಳಿದ್ದಳು ಎಂದು ಅತ್ತರೆ, ಕೇಳಿದವರಲ್ಲಿ ಒಬ್ಬಳಾದರೂ ಇದೂ ಹಾಗೆಯೇ ಇರಬೇಕು ಅಂದುಕೊಳ್ಳುತ್ತಿದ್ದಳು. ಕಾಕಿಗೆ ಅದು ತಟ್ಟುವುದು ಬೇಡ ಎಂದು ಬಾಯಿ ಮುಚ್ಚಿ ಕೂತೆ. ಇನ್ನು ಯಾರ ಮೇಲೂ ಅಳುವುದಿಲ್ಲ. ನಮ್ಮ ಆಯಿಯಿಂದ ಬಂದದ್ದು ನನಗೆ ಮುಗಿಯಿತು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ. ಅದನ್ನು ಕಾಕಿಯ ಲೆಕ್ಕಕ್ಕೆ ಹಾಕಬೇಡ ಎಂದು ಹೇಳಲಷ್ಟೇ ಬರೆಯುತ್ತಿದ್ದೇನೆ.

ಸಮ್ಯಕ ಮಾತಿಗೆ ತಪ್ಪಲಿಲ್ಲ. ಆಮ್ರಪಾಲಿ ಮತ್ತೆ ಬರುತ್ತಿದ್ದಾಳೆ. ಬೇಸಿಗೆ ಸೂಟಿಗೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ನಿನ್ನೆ ಅಂಗಳದಲ್ಲಿ ಆಡುತ್ತಿದ್ದಳು. ನನ್ನ ಹಳೆಯ ಚಪ್ಪಲಿಗೆ ಚೆಂಡುಹೂವು ಚುಚ್ಚಿ, ದಾರ ಕಟ್ಟಿ ಗಾಡಿ ಮಾಡಿಕೊಂಡು ಎಳೆಯುತ್ತಿದ್ದಳು. ಎಳೆಯುತ್ತ ಹಾಡುತ್ತಿದ್ದಳು. ನಾಲ್ಕೂ ಸಾಲು, ಒಂದು ಅಕ್ಷರ ಬಿಡದೆ, ನಾನು ಉಸಿರು ಎಳೆದುಕೊಂಡಲ್ಲಿ ತಾನೂ ಎಳೆದುಕೊಂಡು. ಧ್ವನಿ ಯಶೂನದೇ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ, ಕೈ ನಿಂತುಹೋಯಿತು.

"ಅದು ಯಾರ ಹಾಡು ಪಾಲಿ?" ಎಂದು ಕೇಳಿದೆ.

"ಸಿನೆಮಾದ್ದು ಆಯಿ."

"ಆ ಮಗಳು ಯಾರು, ಗೊತ್ತದೇನು ನಿನಗ?"

ಚಪ್ಪಲಿಯಿಂದ ಉದುರಿದ ಹೂವನ್ನು ಹೆಕ್ಕಿ ಮತ್ತೆ ಚುಚ್ಚುತ್ತ ಹೇಳಿದಳು: "ಯಾರೂ ಅಲ್ಲ. ಎಲ್ಲ ಖೊಟ್ಟಿ ಅದ. ನೀನೇ ಫೋನಿನಾಗ ಹೇಳಿದ್ಯಲ್ಲ. ಹೌದಿಲ್ಲೋ ಆಯಿ?"

ನಾನು ಹೂಂ ಅಂದೆ.

ದ್ರೌಪತಿ